ಅಲ್ಲಿ ಕಲಿತವರು ಏನಾಗ್ತಾರೆ?

ಸಂಚಿಕೆಯ ಕೊನೆಯ ಪುಟಗಳು ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಫೋನು ಎತ್ತಬಾರದೆಂಬುದು ನನ್ನ ನಿಯಮ. ಆ ದಿನ ಎತ್ತಿಬಿಟ್ಟೆ. ಕಡೂರು ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿ, ನಮ್ಮ ಹಳೆಯ ಚಂದಾದಾರರು. “ನಮ್ ಹುಡುಗಿ ಬಿ.ಎ. ಮುಗಿಸಿದಾಳೆ ಸಾರ್. ಬಿ.ಎಡ್. ಮಾಡು ಅಂದ್ರೆ ಹೆಗ್ಗೋಡಿಗೆ ಹೋಗಿ ನಾಟಕ ಕಲೀತೀನಿ ಅಂತಾಳೆ. ಅಲ್ಲಾ, ಅಲ್ಲಿ ಕಲಿತವರು ಏನಾಗ್ತಾರೆ?”

ನನಗೆ ಅವಸರ. ಬಾಯಿಗೆ ಬಂದದ್ದನ್ನು ಹೇಳಿದೆ. ‘ಕಾಂತಾರ’ದಲ್ಲಿ ಧಣಿಯ ಪಾತ್ರ ಮಾಡಿದರಲ್ಲ, ಅಚ್ಯುತ್ ಕುಮಾರ್, ಅವರು ನೀನಾಸಂನಲ್ಲಿ ಕಲಿತವರು, ‘ಲೂಸಿಯಾ’ದ ಸತೀಶ್ ಕೂಡ. “ಓ, ಅಚ್ಯುತ್ ಕುಮಾರಾ? ತಿಪಟೂರಿನವರು, ನಮ್ ಕಡೆಯವರೇ ಬಿಡಿ” ಎಂದು ಅವರು ಸಮಾಧಾನದಿಂದ ಫೋನಿಟ್ಟರು. ನನಗೆ ಸಮಾಧಾನವಾಗಲಿಲ್ಲ. ಸಿನಿಮಾದ ಎರಡು ಹೆಸರು ತೋರಿಸಿ ಒಂದು ಹಳ್ಳಿಯ ಏಳೆಂಟು ದಶಕಗಳ ಕೆಲಸವನ್ನು ಮಾರಿದ ಹಾಗಾಯಿತು. ಅವರಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಈ ತಿಂಗಳು ಇಲ್ಲಿ ಬರೆಯುತ್ತಿದ್ದೇನೆ.

ಹೆಗ್ಗೋಡು ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ಊರು. ಅಲ್ಲಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನೀನಾಸಂ, ಹುಟ್ಟಿದ್ದು 1949ರಲ್ಲಿ. ಅದನ್ನು ಕಟ್ಟಿ ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ ಆಗ ಹದಿನೇಳರ ಪ್ರಾಯ. ಊರವರೇ ಬಣ್ಣ ಹಚ್ಚುವುದು, ಊರವರೇ ಪರದೆ ಕಟ್ಟುವುದು, ಊರವರೇ ಎದುರಿಗೆ ಕೂತು ನೋಡುವುದು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು, ಮರುವರ್ಷ ಚಿತ್ರಸಮಾಜ ಶುರುವಾಯಿತು. ತೋಟದ ಕೆಲಸ ಮುಗಿಸಿ ಬಂದವರು ಕುರೊಸಾವನ ‘ರಾಶೊಮನ್’, ರಾಯ್ ಅವರ ‘ಪಥೇರ್ ಪಾಂಚಾಲಿ’ ನೋಡಿ, ಮನೆಗೆ ಹೋಗುವ ದಾರಿಯಲ್ಲಿ ಅದರ ಬಗ್ಗೆ ಮಾತಾಡುವುದು ಆ ಊರಿಗೆ ಅಭ್ಯಾಸವಾಯಿತು. ಇಷ್ಟೆಲ್ಲ ಆದ ಮೇಲೆ, 1980ರಲ್ಲಿ, ನಟನೆ ಕಲಿಸುವ ಶಾಲೆ ಬಂತು. ಅಂದರೆ ಶಾಲೆಗಿಂತ ಪ್ರೇಕ್ಷಕ ಮೂವತ್ತೊಂದು ವರ್ಷ ದೊಡ್ಡವನು! ಬೇರೆ ಕಡೆ ನಟರನ್ನು ತಯಾರು ಮಾಡಿ ಆಮೇಲೆ ನೋಡುವವರನ್ನು ಹುಡುಕುತ್ತಾರೆ. ಹೆಗ್ಗೋಡಿನ ಗುಟ್ಟೇನಾದರೂ ಇದ್ದರೆ ಈ ಹಿಂದುಮುಂದಿನಲ್ಲಿದೆ ಎಂದು ನನ್ನ ಎಣಿಕೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳೆಲ್ಲ ಅವರೊಬ್ಬರ ಚಿತ್ರ ಹಾಕಿದವು. ಬೆಂಚಿನ ಮೇಲೆ ಕೂತ ಊರಿನ ಚಿತ್ರವೂ ಬೇಕಿತ್ತು.

ಆ ಶಾಲೆಯದು ಒಂದು ವರ್ಷ ಅಲ್ಲೇ ಇದ್ದು ಕಲಿಯುವ ಶಿಕ್ಷಣ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಸಿ. ಆರ್. ಜಂಬೆ, ಕೆ. ವಿ. ಅಕ್ಷರ ಅಂಥವರು ಕಟ್ಟಿ ಬೆಳೆಸಿದ್ದು. ಯಕ್ಷಗಾನದ ಹೆಜ್ಜೆಯಿಂದ ಬ್ರೆಕ್ಟನವರೆಗೆ ಕಲಿಸುತ್ತಾರೆ. ಜೊತೆಗೆ ಮೊಳೆ ಹೊಡೆಯುವುದು, ದೀಪ ಕಟ್ಟುವುದು, ರಂಗ ಗುಡಿಸುವುದು. ಸಿನಿಮಾದ ಕನಸು ಹೊತ್ತು ಬಂದ ಹುಡುಗರಿಗೆ ಮೊದಲ ತಿಂಗಳು ಪೊರಕೆ ಹಿಡಿಯುವುದೇ ದೊಡ್ಡ ಪಾಠ.

ಅದರ ಫಲ ನೋಡಬೇಕೆಂದರೆ ‘ತಿರುಗಾಟ’ ನೋಡಬೇಕು. 1985ರಿಂದ ಪ್ರತಿವರ್ಷ ನಾಟಕಗಳನ್ನು ಹೊತ್ತು ನಾಡು ಸುತ್ತುವ ಈ ತಂಡಕ್ಕೆ ಆಳುಗಳು ಬಹುಪಾಲು ಶಾಲೆಯಿಂದಲೇ ಬರುತ್ತಾರೆ. ಹಿಂದೊಮ್ಮೆ ನಮ್ಮೂರಿನ ಹೈಸ್ಕೂಲಿನ ಹಾಲಿನಲ್ಲಿ ಪ್ರದರ್ಶನವಿತ್ತು. ಮಧ್ಯಾಹ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಲುಂಗಿ ಉಟ್ಟ ಹುಡುಗನೊಬ್ಬ ಹತ್ತು ಮೀಟರ್ ವೈರಿಗೆ ಚೌಕಾಸಿ ಮಾಡುತ್ತಿದ್ದ. ಅಂಗಡಿಯವರು ಎರಡು ರೂಪಾಯಿಯನ್ನೂ ಬಿಡಲಿಲ್ಲ. ರಾತ್ರಿ ನೋಡಿದರೆ ಅವನೇ ರಾಜ! ಆ ಅಂಗಡಿಯವರು ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದರು. ರಾಜ ಗದರಿದಾಗ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದರು. ನಾಟಕ ಮುಗಿದು ಅರ್ಧ ಗಂಟೆಯಲ್ಲಿ ರಾಜ ಏಣಿ ಹತ್ತಿ ದೀಪ ಬಿಚ್ಚುತ್ತಿದ್ದ. ಮರುದಿನ ಇನ್ನೊಂದು ಊರು.

ನಮ್ಮಲ್ಲಿ ಹೆಸರಿನ ಜೊತೆ ಊರು ಬರುವುದು ರೂಢಿ. ಮಂಡ್ಯ ರಮೇಶ್ ಹೆಗ್ಗೋಡಿನಲ್ಲಿ ಕಲಿತರೂ ಊರ ಹೆಸರನ್ನೇ ಉಳಿಸಿಕೊಂಡರು. ಅದೇ ಮಂಡ್ಯ ಜಿಲ್ಲೆಯ ಸತೀಶ್ ಶಾಲೆಯ ಹೆಸರು ಹಿಡಿದು ‘ಸತೀಶ್ ನೀನಾಸಂ’ ಆದರು. ರಂಗಾಯಣ ರಘು, ನಮ್ಮನ್ನು ಬೇಗ ಅಗಲಿದ ಸಂಚಾರಿ ವಿಜಯ್, ಇವರು ಹಿಡಿದದ್ದು ತಮ್ಮ ರಂಗತಂಡದ ಹೆಸರು. ಬಿ.ಎ. ಪಾಸಾದ ಕಾಲೇಜನ್ನು ಹೆಸರಿಗೆ ಅಂಟಿಸಿಕೊಂಡವರನ್ನು ನಾನಂತೂ ಕಾಣೆ. ಹಿಂದೆ ಗುಬ್ಬಿ ಕಂಪನಿಯೂ ಇಂಥ ಶಾಲೆಯೇ ಆಗಿತ್ತು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಎಲ್ಲ ಆ ನೆರಳಿನಲ್ಲಿ ಬಣ್ಣ ಹಚ್ಚಿದವರು, ಬಿ. ವಿ. ಕಾರಂತರು ಹುಡುಗರಾಗಿದ್ದಾಗ ಓಡಿಹೋಗಿ ಸೇರಿದ್ದೂ ಅಲ್ಲಿಗೇ.

ಸತೀಶರ ‘ಲೂಸಿಯಾ’ 2013ರಲ್ಲಿ ಬಂದದ್ದು ನೋಡುವವರಿಂದಲೇ ಹಣ ಕೂಡಿಸಿ. ಚಂದಾ ಎತ್ತಿ ನಾಟಕ ಆಡುವ ಊರಿನಲ್ಲಿ ಕಲಿತವರಿಗೆ ಆ ಲೆಕ್ಕ ಹೊಸದೆನಿಸಿರಲಾರದು.

ಸಿನಿಮಾ ಅಷ್ಟಕ್ಕಿರಲಿ. ಮಂಡ್ಯ ರಮೇಶ್ ರಂಗಾಯಣದಲ್ಲಿದ್ದು, ತೆರೆಯ ಮೇಲೆ ಮನೆಮಾತಾದ ಮೇಲೆ, ಮೈಸೂರಿನಲ್ಲಿ ‘ನಟನ’ ಕಟ್ಟಿದರು. ಮಕ್ಕಳು, ಕೆಲಸಕ್ಕೆ ಹೋಗುವವರು, ಕಾಲೇಜು ಹುಡುಗರು ಅಲ್ಲಿ ಬಂದು ಕಲಿಯುತ್ತಾರೆ. ಹೆಗ್ಗೋಡಿನ ಬೀಜ ಪೇಟೆಯ ಬಡಾವಣೆಯಲ್ಲಿ ಮೊಳೆತದ್ದು ಹೀಗೆ. ಹೆಗ್ಗೋಡಿನಲ್ಲೇ ಕಲಿತ ಜೀವನ್‌ರಾಂ ಸುಳ್ಯ ಊರಿಗೆ ಮರಳಿ ‘ರಂಗಮನೆ’ ಕಟ್ಟಿದರು. 2025ರಲ್ಲಿ ತೀರಿಕೊಂಡ ಯಶವಂತ ಸರದೇಶಪಾಂಡೆ ‘ಆಲ್ ದಿ ಬೆಸ್ಟ್’ ಎಂಬ ನಗೆನಾಟಕ ಹಿಡಿದು, ಹುಬ್ಬಳ್ಳಿ ಮಾತಿಗೆ ನಾಡಿನ ತುಂಬ ನೋಡುಗರನ್ನು ಗಳಿಸಿದರು. ಹೆಗ್ಗೋಡಿನ ಗಂಭೀರ ನಾಟಕಗಳಿಗೂ ಇದಕ್ಕೂ ಎಲ್ಲಿಯ ಸಂಬಂಧ ಎಂದು ಮೂಗು ಮುರಿದವರಿದ್ದಾರೆ. ನಾನು ಅವರಲ್ಲಿ ಒಬ್ಬನಲ್ಲ. ಟಿಕೆಟ್ ಕೊಂಡು ನಾಟಕ ನೋಡುವ ಚಾಳಿ ಹಿಡಿಸಿದ್ದೂ ಒಂದು ಕೆಲಸವೇ.

ಅಲ್ಲಿ ಕಲಿತವರಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಕಾಡುವುದು ಕೆ. ಜಿ. ಕೃಷ್ಣಮೂರ್ತಿಯವರ ‘ಕಿನ್ನರ ಮೇಳ’. ಅದು ಹುಟ್ಟಿದ ತುಮರಿ ಶರಾವತಿ ಹಿನ್ನೀರಿನ ಆಚೆಯ ಊರು. ಸಾಗರದಿಂದ ಅಲ್ಲಿಗೆ ಹೋಗಬೇಕೆಂದರೆ ಲಾಂಚ್ ಕಾಯಬೇಕಿತ್ತು. ಸಂಜೆಯ ಲಾಂಚ್ ತಪ್ಪಿದರೆ ರಾತ್ರಿ ಈಚೆಯೇ. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅಂಥ ಕಡೆ ಕೂತು ಮಕ್ಕಳಿಗಾಗಿಯೇ ನಾಟಕ ಮಾಡುವ ತಂಡ ಕಟ್ಟಿ, ಸಾಮಾನು ಸರಂಜಾಮು ನೀರು ದಾಟಿಸಿ, ಶಾಲೆ ಶಾಲೆ ತಿರುಗಿದ್ದನ್ನು ಯಶಸ್ಸಿನ ಯಾವ ಪಟ್ಟಿಗೆ ಸೇರಿಸುವುದು? ಜಲಾಶಯ ಕಟ್ಟಿ ದಶಕಗಳಾದ ಮೇಲೆ ಸೇತುವೆ ಬಂತು. ನಾಟಕ ಅದಕ್ಕಿಂತ ಬಹಳ ಮೊದಲೇ ಆಚೆ ದಡ ಮುಟ್ಟಿತ್ತು.

ಹೊಟ್ಟೆಪಾಡಿನ ಮಾತು. ಕೊಬ್ಬರಿ ವ್ಯಾಪಾರಿ ಬಾಯಿಬಿಟ್ಟು ಕೇಳಲಿಲ್ಲ, ಆದರೆ ಅವರ ಪ್ರಶ್ನೆಯ ಒಳಗಿದ್ದದ್ದು ಅದೇ. ಮುಚ್ಚಿಟ್ಟು ಉಪಯೋಗವಿಲ್ಲ. ಏಪ್ರಿಲ್–ಮೇ ಬಂತೆಂದರೆ ಬೇಸಿಗೆ ಶಿಬಿರ, ಡಿಸೆಂಬರ್–ಜನವರಿಯಲ್ಲಿ ಸ್ಕೂಲ್ ಡೇ ನಾಟಕ. ರಂಗಶಾಲೆಯಲ್ಲಿ ಕಲಿತ ಬಹಳಷ್ಟು ಜನರ ವರ್ಷ ನಡೆಯುವುದು ಈ ಎರಡು ಸುಗ್ಗಿಯ ಮೇಲೆ. ನಡುವಿನ ತಿಂಗಳುಗಳಲ್ಲಿ ಧಾರಾವಾಹಿಯ ಸಣ್ಣ ಪಾತ್ರ, ಇಲ್ಲವೇ ತೋಟದ ಕೆಲಸ. ಸರ್ಕಾರಿ ಶಾಲೆಗೊಬ್ಬ ನಾಟಕದ ಮೇಷ್ಟ್ರು ಇರಲಿ ಎಂಬ ಬೇಡಿಕೆ ಹಳೆಯದು. ಬೆರಳೆಣಿಕೆಯ ನೇಮಕಾತಿ ಆದದ್ದೂ ಉಂಟು. ದೈಹಿಕ ಶಿಕ್ಷಕರಿಗೆ ಇರುವಷ್ಟು ಜಾಗ ನಾಟಕ ಶಿಕ್ಷಕರಿಗೆ ಇನ್ನೂ ಸಿಕ್ಕಿಲ್ಲ. ಆದ್ದರಿಂದ, ಯಜಮಾನರೇ, ಮಗಳು ಹೆಗ್ಗೋಡಿಗೆ ಹೋದರೆ ತಿಂಗಳ ಸಂಬಳ ಖಾತ್ರಿ ಎಂದು ನಾನು ಹೇಳಲಾರೆ. ಬಿ.ಎಡ್. ಮಾಡಿದರೆ ಖಾತ್ರಿ ಎಂದು ನೀವೂ ಹೇಳಲಾರಿರಿ.

ಇಷ್ಟು ಬರೆದು ಒಮ್ಮೆ ಓದಿ ನೋಡಿದೆ. ನಾಚಿಕೆಯಾಯಿತು. ಕೇಳಿದ್ದು ಒಬ್ಬ ಮಗಳ ತಂದೆ. ನಾನು ಕೊಟ್ಟ ಪಟ್ಟಿಯಲ್ಲಿ ಒಂದೇ ಒಂದು ಹೆಣ್ಣು ಹೆಸರಿಲ್ಲ. ಹುಡುಗಿಯರು ಕಲಿಯಲಿಲ್ಲವೇ? ಅವರಿಲ್ಲದೆ ತಿರುಗಾಟದ ಒಂದು ನಾಟಕವೂ ನಡೆಯದು. ವೇದಿಕೆಯ ಮೇಲೆ ಅವರನ್ನು ಕಂಡು ಚಪ್ಪಾಳೆ ತಟ್ಟಿದ್ದೇನೆ. ಆಮೇಲೆ ಅವರಲ್ಲಿ ಯಾರು ಶಿಬಿರ ನಡೆಸುತ್ತಿದ್ದಾರೆ, ಯಾರು ಊರಿನ ಮಹಿಳಾ ಸಂಘದಲ್ಲಿ ನಾಟಕ ಕಟ್ಟುತ್ತಿದ್ದಾರೆ, ಯಾರು ಮದುವೆಯಾಗಿ ಬಣ್ಣದ ಪೆಟ್ಟಿಗೆ ಅಟ್ಟಕ್ಕೇರಿಸಿದರು ಎಂದು ವಿಚಾರಿಸಲು ಹೋಗಲಿಲ್ಲ. ಹೋಗದಿದ್ದವನು ನಾನು, ನನ್ನ ಪತ್ರಿಕೆ. ಇಷ್ಟು ವರ್ಷ ರಂಗಭೂಮಿ ವಿಶೇಷಾಂಕ ತಂದ ನಮ್ಮ ಕಡತದಲ್ಲಿ ಹುಡುಕಿದರೂ ಗಂಡಸರ ಸಂದರ್ಶನಗಳೇ ಹೆಚ್ಚು ಸಿಕ್ಕವು.

ಆದ್ದರಿಂದ ಒಂದು ಕೋರಿಕೆ. ಹೆಗ್ಗೋಡಿನಲ್ಲಾಗಲಿ, ಸಾಣೇಹಳ್ಳಿಯಲ್ಲಾಗಲಿ, ಮೈಸೂರಿನಲ್ಲಾಗಲಿ ನಟನೆ ಕಲಿತ ಹೆಣ್ಣುಮಕ್ಕಳು ಈಗ ಏನು ಮಾಡುತ್ತಿದ್ದೀರೆಂದು ನಮಗೆ ಬರೆದು ಕಳಿಸಿ. ಒಂದು ಪುಟವಾದರೂ ಸಾಕು, ನಾಟಕ ಬಿಟ್ಟವರೂ ಬರೆಯಿರಿ, ಏಕೆ ಬಿಟ್ಟಿರೆಂದು ಬರೆಯಿರಿ. ಬಂದಷ್ಟನ್ನೂ ಅಚ್ಚು ಹಾಕುತ್ತೇವೆ, ಮೊದಲ ಪ್ರತಿ ಕಡೂರಿಗೆ ಹೋಗುತ್ತದೆ. ಅಷ್ಟರೊಳಗೆ, ಯಜಮಾನರೇ, ಮಗಳ ಜೊತೆ ನೀವೂ ಒಮ್ಮೆ ಹೋಗಿ ನೋಡಿ ಬನ್ನಿ. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ನಿಮ್ಮೂರ ಮೇಲೆಯೇ ಹಾದು ಸಾಗರಕ್ಕೆ ಹೋಗುತ್ತದೆ.