ಸರಾಸರಿ ಎಂಟು ಲಕ್ಷ, ಅದರಲ್ಲಿ ನನ್ನ ಪಾಲೆಷ್ಟು?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬ. ಕಳೆದ ತಿಂಗಳು ಅಣಕು ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿತ್ತು: ‘ಒಂದು ಅಂಗಡಿಯ ಐವರು ನೌಕರರ ಸರಾಸರಿ ಸಂಬಳ 40,000 ರೂಪಾಯಿ. ಒಬ್ಬ ಕೆಲಸ ಬಿಟ್ಟ ಮೇಲೆ ಉಳಿದ ನಾಲ್ವರ ಸರಾಸರಿ 16,250 ರೂಪಾಯಿ ಆಯಿತು. ಬಿಟ್ಟವನ ಸಂಬಳ ಎಷ್ಟು?’

ಇಂಥ ಲೆಕ್ಕಕ್ಕೆ ಸೂತ್ರ ಹುಡುಕಬೇಕಿಲ್ಲ. ಸರಾಸರಿ ಕಂಡರೆ ಮೊದಲು ಮೊತ್ತಕ್ಕೆ ಹೋಗಬೇಕು. ಐವರ ಮೊತ್ತ 2,00,000. ನಾಲ್ವರ ಮೊತ್ತ 65,000. ಕಳೆದರೆ 1,35,000. ಅರ್ಧ ನಿಮಿಷದ ಕೆಲಸ. ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ.

ಅದೇ ರಾತ್ರಿ ಕಲಬುರಗಿ ಜಿಲ್ಲೆಯ ನಮ್ಮೂರಿನಿಂದ ತಂಗಿಯ ಫೋನ್ ಬಂತು. ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನವರು ಮ್ಯಾನೇಜ್‌ಮೆಂಟ್ ಸೀಟು ಕೊಡುತ್ತೇವೆ ಎಂದಿದ್ದಾರೆ. ಅಪ್ಪ ಹೊಲದ ಮೇಲೆ ಸಾಲ ತೆಗೆಯಲು ತಯಾರಾಗಿದ್ದಾರೆ. ‘ಅಣ್ಣಾ, ಸರಾಸರಿ ಪ್ಯಾಕೇಜ್ ಎಂಟು ಲಕ್ಷ ಅಂತ ಛಾಪಿಸ್ಯಾರ. ನನಗ ಆರಾದ್ರೂ ಸಿಗಲ್ಲೇನು?’ ಎಂದಳು.

ನನಗೆ ಆ ಅಂಗಡಿ ನೆನಪಾಯಿತು. ಉಳಿದ ನಾಲ್ವರ ಸಂಬಳ 12, 15, 18 ಮತ್ತು 20 ಸಾವಿರ ಎಂದಿಟ್ಟುಕೊಳ್ಳಿ. ಐವರನ್ನೂ ಏರಿಕೆ ಕ್ರಮದಲ್ಲಿ ನಿಲ್ಲಿಸಿದರೆ ನಡುವೆ ನಿಂತವನಿಗೆ ಸಿಗುವುದು 18,000. ಅದೇ ಮಧ್ಯಾಂಕ. ಸರಾಸರಿಯಾದ 40,000 ರೂಪಾಯಿ ಆ ಅಂಗಡಿಯಲ್ಲಿ ಯಾರ ಕೈಗೂ ಬರುವುದಿಲ್ಲ. ದೊಡ್ಡ ಸಂಬಳದವನಿಗೆ ಇನ್ನೂ ಒಂದು ಲಕ್ಷ ಏರಿಸಿ ನೋಡಿ. ಸರಾಸರಿ 60,000 ಆಗುತ್ತದೆ, ಮಧ್ಯಾಂಕ 18,000 ಆಗಿಯೇ ಇರುತ್ತದೆ.

ಈ ಪಾಠವನ್ನು ನಾನು ದುಬಾರಿ ಬೆಲೆ ಕೊಟ್ಟು ಕಲಿತವನು. ನಾನು ಓದಿದ ಕಾಲೇಜೂ ಸರಾಸರಿ ತೋರಿಸಿಯೇ ನಮ್ಮನ್ನು ಕರೆದಿತ್ತು. ನಮ್ಮ ಬ್ಯಾಚಿನ ಒಬ್ಬನಿಗೆ ಭಾರಿ ಪ್ಯಾಕೇಜ್ ಸಿಕ್ಕಿತು, ಗೇಟಿನ ಮುಂದೆ ಅವನ ಫ್ಲೆಕ್ಸ್ ಎದ್ದಿತು. ನನಗೆ ಸಿಕ್ಕಿದ್ದು ತಿಂಗಳಿಗೆ 15 ಸಾವಿರದ ಕೆಲಸ. ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಬಸ್ಸಿಗೇ ಅದು ಸರಿಹೋಗುತ್ತಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರನ್ನೂ ಕೂಡಿಸಿ ಭಾಗಿಸಿದ್ದರು, ಅಷ್ಟೇ.

ನಿಜಸ್ಥಿತಿ ತಿಳಿಯಲು ಒಂದು ದಾರಿ ಇದೆ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ಶ್ರೇಯಾಂಕ ಪಟ್ಟಿ 2016ರಿಂದ ಬರುತ್ತಿದೆ. ಅದಕ್ಕೆ ಅರ್ಜಿ ಹಾಕುವ ಕಾಲೇಜು ಎಷ್ಟು ಮಂದಿಯನ್ನು ಸೇರಿಸಿಕೊಂಡಿತು, ಎಷ್ಟು ಮಂದಿ ಅವಧಿಯಲ್ಲೇ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬುದನ್ನೆಲ್ಲ ಬರೆದುಕೊಡಬೇಕು. ಸಂಬಳದ ಕಾಲಂನಲ್ಲಿ ಕೇಳುವುದು ಸರಾಸರಿಯನ್ನಲ್ಲ, ಮಧ್ಯಾಂಕವನ್ನು.

ಆದರೆ ಮಧ್ಯಾಂಕವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಅದು ಕೆಲಸ ಸಿಕ್ಕವರ ಸಾಲಿನ ಮಧ್ಯಾಂಕ ಮಾತ್ರ. ಪಾಸಾದ 100 ಮಂದಿಯಲ್ಲಿ 40 ಮಂದಿಗೆ ಕೆಲಸ ಸಿಕ್ಕಿ, ಅವರ ಮಧ್ಯಾಂಕ ಐದು ಲಕ್ಷ ಇದ್ದರೆ, ಐದು ಲಕ್ಷ ಮುಟ್ಟಿದವರು ಸುಮಾರು 20 ಮಂದಿ. ಉನ್ನತ ಓದಿಗೆ ಹೋದವರನ್ನು ಬಿಟ್ಟರೂ, ಉಳಿದವರು ಸಾಲಿನಲ್ಲೇ ಇಲ್ಲ. ಹಾಗಾಗಿ ‘ಸಂಬಳ ಎಷ್ಟು’ ಎನ್ನುವುದಕ್ಕಿಂತ ಮೊದಲು ‘ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ’ ಎಂದು ಕೇಳಬೇಕು.

ಇದು ಕಾಲೇಜುಗಳ ಕತೆ ಮಾತ್ರವಲ್ಲ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ ಸರಾಸರಿ ಅಭಿವೃದ್ಧಿಯನ್ನು 1 ಎಂದು ಇಟ್ಟುಕೊಂಡು ತಾಲ್ಲೂಕುಗಳನ್ನು ಅಳೆಯಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ನೂರಕ್ಕೆ 65 ತಾಲ್ಲೂಕು ಸರಾಸರಿಗಿಂತ ಕೆಳಗೆ ಇರುವುದು ಹೇಗೆ ಸಾಧ್ಯ? ಮೇಲಿರುವ ಕೆಲವು ತಾಲ್ಲೂಕುಗಳು ಸರಾಸರಿಯನ್ನು ಮೇಲಕ್ಕೆ ಎಳೆದಾಗ ಸಾಧ್ಯ. ತಲಾ ಆದಾಯದಲ್ಲೂ ಅದೇ ಚಿತ್ರ. ಬೆಂಗಳೂರು ನಗರ ಜಿಲ್ಲೆ ತುದಿಯಲ್ಲಿದ್ದರೆ ನಮ್ಮ ಕಲಬುರಗಿ ಬುಡದಲ್ಲಿದೆ. ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ 2024ರಲ್ಲಿ ಸರ್ಕಾರ ಮತ್ತೊಂದು ಸಮಿತಿ ರಚಿಸಬೇಕಾಯಿತು ಎಂದರೆ ಆ ಅಂತರ ಇನ್ನೂ ಪ್ರಶ್ನೆಯಾಗಿಯೇ ಉಳಿದಿದೆ ಎಂದರ್ಥ. ‘ರಾಜ್ಯದ ತಲಾ ಆದಾಯ ಏರಿದೆ’ ಎಂಬ ಸುದ್ದಿ ಓದಿದಾಗಲೆಲ್ಲ ನಡುವೆ ನಿಂತವನ ಆದಾಯ ಏರಿತೇ ಎಂದು ನಾನೀಗ ಕೇಳಿಕೊಳ್ಳುತ್ತೇನೆ.

ಪರೀಕ್ಷೆ ಬರೆಯುವ ಗೆಳೆಯರಿಗೆ ಒಂದು ಮಾತು. ಮಧ್ಯಾಂಕದ ಲೆಕ್ಕದಲ್ಲಿ ನಾವು ಅಂಕ ಕಳೆದುಕೊಳ್ಳುವುದು ಕೊಟ್ಟ ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸದೆ ನಡುವಿನದನ್ನು ಆರಿಸಿದಾಗ. ಸಂಖ್ಯೆಗಳು ಸಮಸಂಖ್ಯೆಯಲ್ಲಿದ್ದರೆ ನಡುವಿನ ಎರಡರ ಸರಾಸರಿ ತೆಗೆಯುವುದನ್ನೂ ಮರೆಯುತ್ತೇವೆ. ಬದುಕಿನಲ್ಲಿ ನಾವು ಮಾಡುವ ತಪ್ಪೂ ಹೆಚ್ಚುಕಮ್ಮಿ ಅದೇ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೋಡುವುದಿಲ್ಲ.

ತಂಗಿಗೆ ಮೂರು ಪ್ರಶ್ನೆ ಬರೆದು ಕಳುಹಿಸಿದೆ: ನಿಮ್ಮ ವಿಭಾಗದಲ್ಲಿ ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕ ಎಷ್ಟು? ಅವಳೇ ಕಾಲೇಜಿಗೆ ಫೋನ್ ಮಾಡಿ ಕೇಳಿದಳು. ‘ವಿಚಾರಿಸಿ ಹೇಳ್ತೇವೆ’ ಎಂದರಂತೆ. ಎರಡು ವಾರ ಕಳೆದವು, ಉತ್ತರ ಬರಲಿಲ್ಲ. ಈಗ ಅವಳು ಸಿಇಟಿ ಆಪ್ಷನ್ ಎಂಟ್ರಿಗೆ ಬೇರೆ ಪಟ್ಟಿ ಮಾಡಿಕೊಂಡಿದ್ದಾಳೆ. ಅಪ್ಪ ಹೊಲದ ಕಾಗದಪತ್ರಗಳನ್ನು ಮತ್ತೆ ಟ್ರಂಕಿನಲ್ಲಿಟ್ಟಿದ್ದಾರೆ.