ಹತ್ತರ ವಯಸ್ಸಿನಲ್ಲಿ ತೀರ್ಪು

ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿಯುತ್ತಲೇ, ಸುಮಾರು 10ನೆಯ ವಯಸ್ಸಿಗೆ, ಮಕ್ಕಳ ದಾರಿ ಕವಲೊಡೆಯುತ್ತದೆ: ಕೆಲವರಿಗೆ ವಿಶ್ವವಿದ್ಯಾನಿಲಯದತ್ತ ಒಯ್ಯುವ ಶಾಲೆ, ಉಳಿದವರಿಗೆ ಬಹುಮಟ್ಟಿಗೆ ಕಸುಬಿನತ್ತ ಒಯ್ಯುವ ಶಾಲೆ. ಅಲ್ಲಿ ಕಸುಬಿಗೆ ಗೌರವವಿದೆ, ತರಬೇತಿಯೂ ಉತ್ತಮವೇ. ಅದನ್ನು ನಾವು ಅಲ್ಲಗಳೆಯೆವು. ಆದರೆ ಅಷ್ಟು ಎಳೆಯ ವಯಸ್ಸಿನಲ್ಲಿ ಅಳತೆಗೆ ಸಿಗುವುದು ಮಗುವಿನ ಬುದ್ಧಿಯಷ್ಟೇ ಅಲ್ಲ, ಮನೆಯ ಅಂತಸ್ತೂ ಹೌದು.

ಹ್ಯಾಂಬರ್ಗ್ ನಗರದಲ್ಲಿ ಮಕ್ಕಳೆಲ್ಲರೂ ಆರು ವರ್ಷ ಒಟ್ಟಿಗೆ ಕಲಿಯಲೆಂದು ಶಾಸನಸಭೆಯ ಎಲ್ಲ ಪಕ್ಷಗಳೂ ಒಪ್ಪಿದ್ದವು. 2010ರ ಜನಮತಗಣನೆಯಲ್ಲಿ ಆ ಸುಧಾರಣೆ ಸೋತಿತು. ಸ್ಥಿತಿವಂತರ ಬಡಾವಣೆಗಳಲ್ಲಿ ಮತದಾನ ಹೆಚ್ಚಾಗಿತ್ತು, ಬಡವರ ಬಡಾವಣೆಗಳಲ್ಲಿ ಕಡಿಮೆ. ಯಾರ ಮಕ್ಕಳಿಗಾಗಿ ಸುಧಾರಣೆಯೋ ಅವರ ದನಿಯೇ ಕ್ಷೀಣವಾಯಿತು.

ತಾನೇ ಆರಿಸಿಕೊಂಡ ಕಸುಬು ಗೌರವ. ಹುಟ್ಟಿದ ಮನೆ ವಿಧಿಸಿದ ಕಸುಬು ಅನ್ಯಾಯ. ಕುಲಕಸುಬಿನ ಕಟ್ಟನ್ನು ಕಂಡುಂಡ ನಾಡಿನವರಾದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ.