ಕೆಳಗಿನ ಮಹಡಿ ಇಲ್ಲದ ಲೀಗ್

ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ಬೈಕಿಗೆ ಪ್ರವೇಶವಿಲ್ಲ. ಈಸ್ಟರ್ನ್ ಫ್ರೀವೇ ಮೇಲೆ ಇಲ್ಲ. 2024ರಲ್ಲಿ ತೆರೆದ ಅಟಲ್ ಸೇತುವಿನ ಮೇಲೂ ಇಲ್ಲ, ಅದೇ ವರ್ಷ ಶುರುವಾದ ಕೋಸ್ಟಲ್ ರೋಡಿನ ಮೇಲೂ ಇಲ್ಲ. ಮುಂಬೈ ತನ್ನ ವೇಗದ ರಸ್ತೆಗಳನ್ನು ಕಾರಿನವರಿಗೆ ಕೊಟ್ಟು, ದ್ವಿಚಕ್ರದವರನ್ನು ಗುಂಡಿಬಿದ್ದ ಹಳೆಯ ದಾರಿಗೇ ಬಿಟ್ಟಿದೆ. ಸಮುದ್ರದ ಗಾಳಿಗೆ ಬೈಕ್ ವಾಲುತ್ತದೆ, ಅಪಘಾತವಾಗುತ್ತದೆ ಎಂಬ ವಾದವನ್ನು ಒಪ್ಪೋಣ. ಆದರೆ ವೇಗದ ಹುಚ್ಚು ನಿಷೇಧದ ಫಲಕ ನೋಡಿ ಇಳಿದುಹೋಗುವಂಥದ್ದಲ್ಲ.

ಶನಿವಾರ ನಡುರಾತ್ರಿ ದಾಟಿದ ಮೇಲೆ ಬಾಂದ್ರಾ ರೆಕ್ಲಮೇಶನ್ ಕಡೆಯೋ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಕಡೆಯೋ ಆ ಹುಚ್ಚು ಕಣ್ಣಿಗೆ ಬೀಳುತ್ತದೆ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗರು, ಹಗಲೆಲ್ಲ ಪಾರ್ಸೆಲ್ ಹಂಚುವವರು, ಅಪ್ಪನ ದುಡ್ಡಿನಲ್ಲಿ ಬೈಕ್ ಕೊಂಡ ಕಾಲೇಜಿನವರು. ಪೊಲೀಸರು ನಾಕಾಬಂದಿ ಹಾಕುತ್ತಾರೆ, ಬೈಕ್ ಜಪ್ತಿ ಮಾಡುತ್ತಾರೆ. ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಹಾಸಿ ರೋಡ್ ರೋಲರ್ ಹತ್ತಿಸುತ್ತಾರೆ. ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಮುಂದಿನ ವಾರ ಹುಡುಗರು ಇನ್ನೊಂದು ರಸ್ತೆ ಹುಡುಕಿಕೊಳ್ಳುತ್ತಾರೆ. ಈ ಆಟದಲ್ಲಿ ಸಾಯುವವರಿದ್ದಾರೆ, ತಮ್ಮ ಪಾಡಿಗೆ ರಸ್ತೆ ದಾಟುತ್ತಿದ್ದವರೂ ಸಾಯುತ್ತಾರೆ. ಹಾಗಾಗಿ ಪೊಲೀಸರ ಮೇಲೆ ತಕರಾರು ಎತ್ತುವಂತಿಲ್ಲ. ತಕರಾರು ಇರುವುದು ಬೇರೆ ಕಡೆ.

ಮೋಟಾರು ವಾಹನ ಕಾಯ್ದೆಯ 189ನೇ ಕಲಮು ರಸ್ತೆ ರೇಸಿಗೆ ಶಿಕ್ಷೆ ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ, 10,000 ರೂಪಾಯಿ. ಎಲ್ಲರೂ ಹೇಳುವುದು ಇಷ್ಟನ್ನೇ. ಆದರೆ ಆ ಕಲಮು ಶುರುವಾಗುವುದೇ ‘ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ’ ಎಂಬ ಅರ್ಥದ ಮಾತಿನಿಂದ. ಅಂದರೆ ಕಾನೂನು ರೇಸನ್ನೇ ನಿಷೇಧಿಸಿಲ್ಲ, ಒಪ್ಪಿಗೆ ಕೇಳಿ ಬನ್ನಿ ಎಂದಿದೆ. ಬಾಗಿಲು ಇದೆ. ಅದನ್ನು ತಟ್ಟುವ ಸಂಸ್ಥೆ ಯಾವುದು?

ಕಾಗದದ ಮೇಲೆ ಸಂಸ್ಥೆಗಳಿಗೆ ಕೊರತೆಯಿಲ್ಲ. ಮೋಟಾರು ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟ ಎಫ್‌ಎಂಎಸ್‌ಸಿಐ ಇದೆ. 2024ರ ಜನವರಿಯಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಬಂತು. ಫ್ರಾಂಚೈಸಿ ತಂಡಗಳು, ಸವಾರರ ಹರಾಜು, ವಿದೇಶಿ ಸವಾರರು, ಬಣ್ಣದ ದೀಪಗಳು, ಎಲ್ಲವೂ ಐಪಿಎಲ್ ಮಾದರಿಯಲ್ಲಿ. ಮೊದಲ ಸೀಸನ್ ಪುಣೆ, ಅಹಮದಾಬಾದ್, ಬೆಂಗಳೂರುಗಳಲ್ಲಿ ಮೂರೇ ಸುತ್ತಿಗೆ ಮುಗಿಯಿತು. ಜನ ಬಂದರು, ನೋಡಿದರು, ಖುಷಿಪಟ್ಟರು. ಅದನ್ನು ಹೀಗಳೆಯಬೇಕಿಲ್ಲ. ಆದರೆ ಅಂಧೇರಿಯಲ್ಲೋ ಮುಂಬ್ರಾದಲ್ಲೋ ಇರುವ ಹತ್ತೊಂಬತ್ತರ ಹುಡುಗ ಟಿವಿಯಲ್ಲಿ ಅದನ್ನು ನೋಡಿ, ತಾನೂ ಅಲ್ಲಿಗೆ ಹೋಗಬೇಕೆಂದುಕೊಂಡರೆ ಮೊದಲ ಮೆಟ್ಟಿಲು ಎಲ್ಲಿದೆ? ಹರಾಜಿಗೆ ಹೆಸರು ಬರಬೇಕಾದರೆ ಮೊದಲೇ ಹೆಸರು ಮಾಡಿರಬೇಕು. ಹೆಸರು ಮಾಡಲು ವಾರ ವಾರ ಓಡಿಸುವ ಜಾಗ ಬೇಕು. ಮುಂಬೈಯಲ್ಲಿ ಬೈಕ್ ರೇಸಿಗೊಂದು ಖಾಯಂ ಟ್ರ್ಯಾಕಿಲ್ಲ. ರೋಡ್ ರೇಸಿಂಗ್ ಕಲಿಯಬೇಕಾದವನು ಬೈಕನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಸಾಗಿಸಬೇಕು. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಗ್ಯಾರೇಜಿನ ಹುಡುಗನ ಕಿಸೆ ಲೋನಾವಳ ಮುಟ್ಟುವಷ್ಟರಲ್ಲೇ ಖಾಲಿ.

ಮೇಲಿನ ಮಹಡಿ ಕಟ್ಟಿ ಕೆಳಗಿನದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಸ್ಪೀಡ್‌ವೇ ಆಟದ ಕತೆ ಒಳ್ಳೆಯ ಪಾಠ. ನಮ್ಮಲ್ಲಿ ಹೆಚ್ಚು ಜನ ಕೇಳಿರದ ಆಟ ಇದು. (ಕೊಯಮತ್ತೂರಿನ ಟ್ರ್ಯಾಕಿನ ಹೆಸರಿನಲ್ಲಿ ‘ಸ್ಪೀಡ್‌ವೇ’ ಇದ್ದರೂ ಅದು ಡಾಂಬರಿನ ರೇಸ್ ಟ್ರ್ಯಾಕ್.) ಸ್ಪೀಡ್‌ವೇ ನಡೆಯುವುದು ಸ್ಟೇಡಿಯಮ್ಮಿನೊಳಗೆ ಹಿಡಿಸುವ ಮೊಟ್ಟೆಯಾಕಾರದ ಮಣ್ಣಿನ ಹಾದಿಯಲ್ಲಿ, ಒಂದು ಸುತ್ತು ಮುನ್ನೂರು ಮೀಟರಿನ ಆಸುಪಾಸು. ನಾಲ್ಕು ಬೈಕು, ನಾಲ್ಕು ಸುತ್ತು, ಒಂದು ನಿಮಿಷದ ಸುಮಾರಿಗೆ ಓಟ ಮುಗಿಯಿತು. 500 ಸಿಸಿ ಎಂಜಿನ್, ಒಂದೇ ಗಿಯರ್. ಬ್ರೇಕ್ ಇಲ್ಲವೇ ಇಲ್ಲ! ತಿರುವಿನಲ್ಲಿ ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸಿ, ಎಡಗಾಲು ನೆಲಕ್ಕೆ ಊರಿ ಬೈಕ್ ಹೊರಳಿಸಬೇಕು. ಗೆದ್ದವನಿಗೆ 3 ಅಂಕ, ನಂತರದವರಿಗೆ 2 ಮತ್ತು 1, ಕೊನೆಯವನಿಗೆ ಸೊನ್ನೆ. ಪ್ರತಿ ಓಟದಲ್ಲಿ ಎರಡೂ ತಂಡದಿಂದ ಇಬ್ಬಿಬ್ಬರು. ಇಂಥ ಹದಿನೈದು ಓಟಗಳ ಅಂಕ ಕೂಡಿದರೆ ಒಂದು ಪಂದ್ಯ. ಕರಾವಳಿಯವರಿಗೆ ಕಂಬಳ ನೆನಪಾದರೆ ತಪ್ಪಿಲ್ಲ: ಸಣ್ಣ ಹಾದಿ, ಕೆಲವೇ ಕ್ಷಣದ ಓಟ, ಸುತ್ತ ಕೂಗುವ ಊರು. ಕಂಬಳದಲ್ಲೂ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ವಿಭಾಗಗಳಿವೆಯಲ್ಲ. ಎಳೆಯ ಕೋಣಗಳ ಜೋಡಿಯನ್ನು ಮೊದಲ ವರ್ಷವೇ ಹಗ್ಗ ಹಿರಿಯಕ್ಕೆ ಇಳಿಸುವ ಯಜಮಾನ ಯಾರಿದ್ದಾನೆ?

ಇಂಗ್ಲೆಂಡಿನಲ್ಲಿ ಈ ಆಟ 1928ರ ಫೆಬ್ರುವರಿಯಲ್ಲಿ ಲಂಡನ್ ಹೊರವಲಯದ ಹೈ ಬೀಚ್‌ನಲ್ಲಿ ಜನರ ಕಣ್ಣಿಗೆ ಬಿತ್ತು, ಮರುವರ್ಷವೇ ಲೀಗುಗಳು ಹುಟ್ಟಿದವು. ಎರಡನೇ ಮಹಾಯುದ್ಧದ ನಂತರ ಜನಸಾಗರ. ಐವತ್ತರ ದಶಕದಲ್ಲಿ ಅಷ್ಟೇ ವೇಗದ ಇಳಿತ: ಟಿಕೆಟಿನ ಮೇಲೆ ಭಾರೀ ಮನರಂಜನಾ ತೆರಿಗೆ, ಮನೆಮನೆಗೆ ಬಂದ ಟಿವಿ, ಒಂದಾದ ಮೇಲೊಂದು ಮುಚ್ಚಿದ ಟ್ರ್ಯಾಕುಗಳು. ಮೂರು ಡಿವಿಷನ್ ಇದ್ದ ಕಡೆ ಕೆಳಗಿನವು ಮೊದಲು ಉದುರಿದವು, ಆಮೇಲೆ ಮೇಲಿನದಕ್ಕೂ ಸವಾರರು ಸಿಗದಾದರು.

ಆಟವನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ದೊಡ್ಡ ತಾರೆಗಳಲ್ಲ. 1960ರಲ್ಲಿ ಕೆಲವು ಪ್ರವರ್ತಕರು ಸೇರಿ ಮುಚ್ಚಿದ್ದ ಸಣ್ಣ ಟ್ರ್ಯಾಕುಗಳ ಬೀಗ ತೆಗೆದು ಪ್ರಾವಿನ್ಶಿಯಲ್ ಲೀಗ್ ಶುರುಮಾಡಿದರು. 1965ರಲ್ಲಿ ಅದೂ ಮೇಲಿನ ಲೀಗೂ ಸೇರಿ ಬ್ರಿಟಿಷ್ ಲೀಗ್ ಆಯಿತು. ಆದರೆ ಎಲ್ಲರೂ ಒಂದೇ ಲೀಗಿನಲ್ಲಿ ಕೂತರೆ ಹೊಸಬ ಎಲ್ಲಿ ಕೂರುವುದು? 1968ರಲ್ಲಿ ಹತ್ತು ತಂಡಗಳ ಎರಡನೇ ಡಿವಿಷನ್ ಹುಟ್ಟಿತು. ಕ್ಯಾಂಟರ್ಬರಿ, ಬೆರಿಕ್, ವೇಮತ್, ನೆಲ್ಸನ್‌ನಂಥ ಊರುಗಳು. ಮೊದಲ ವರ್ಷ ಗೆದ್ದದ್ದು ಮ್ಯಾಂಚೆಸ್ಟರಿನ ಬೆಲ್ ವ್ಯೂ ಕ್ಲಬ್ಬಿನ ಮರಿತಂಡ, ಬೆಲ್ ವ್ಯೂ ಕೋಲ್ಟ್ಸ್. ಆ ತಂಡ ಮುಂದೆ ರಾಚ್‌ಡೇಲ್ ಊರಿಗೆ ಹೋಯಿತು. 1971ರಲ್ಲಿ ಅಲ್ಲಿ ಓಡಿಸುತ್ತಿದ್ದ ಪೀಟರ್ ಕಾಲಿನ್ಸ್ ಎಂಬ ಹುಡುಗ 1976ರಲ್ಲಿ ವಿಶ್ವ ಚಾಂಪಿಯನ್. ಐದೇ ವರ್ಷ. ಎರಡನೇ ಡಿವಿಷನ್ ಇಲ್ಲದಿದ್ದರೆ ಆ ಐದು ವರ್ಷದ ಮೊದಲನೆಯದೇ ಇರುತ್ತಿರಲಿಲ್ಲ.

ಹೆಸರು ಆಮೇಲೆ ಹಲವು ಸಲ ಬದಲಾಯಿತು: ನ್ಯಾಷನಲ್ ಲೀಗ್, ಪ್ರೀಮಿಯರ್ ಲೀಗ್, 2017ರಿಂದ ಚಾಂಪಿಯನ್‌ಶಿಪ್. ವ್ಯವಸ್ಥೆಯ ಒಳಗಿನ ಎರಡು ಕಟ್ಟಳೆಗಳು ಮಾತ್ರ ಗಮನಿಸಬೇಕಾದವು. ಪ್ರತಿ ಸವಾರನಿಗೂ ಅವನ ಫಲಿತಾಂಶಗಳಿಂದ ಲೆಕ್ಕ ಹಾಕಿದ ಸರಾಸರಿ ಅಂಕವಿದೆ. ಸೀಸನ್ನಿಗೆ ತಂಡ ಕಟ್ಟುವಾಗ ಸದಸ್ಯರೆಲ್ಲರ ಸರಾಸರಿಯ ಮೊತ್ತ ಒಂದು ಮಿತಿ ಮೀರಬಾರದು. ದುಡ್ಡಿದ್ದವನು ಚೆನ್ನಾಗಿ ಓಡಿಸುವವರನ್ನೆಲ್ಲ ಬಾಚಿಕೊಳ್ಳುವಂತಿಲ್ಲ. ಪಟ್ಟಿಯಲ್ಲಿ ಒಬ್ಬಿಬ್ಬರು ಹೊಸಬರಿಗೆ ಜಾಗ ತಾನಾಗಿ ಉಳಿಯುತ್ತದೆ. ಎರಡನೆಯದು, ಒಬ್ಬನೇ ಸವಾರ ಒಂದು ದಿನ ಕೆಳಗಿನ ಲೀಗಿನ ಕ್ಲಬ್ಬಿಗೂ ಇನ್ನೊಂದು ದಿನ ಮೇಲಿನ ಲೀಗಿನ ಕ್ಲಬ್ಬಿಗೂ ಓಡಿಸಬಹುದು. ಮೇಲೆ ಸೋತರೂ ಕೆಳಗೆ ಅವನ ಜಾಗ ಹೋಗುವುದಿಲ್ಲ. ಹೆದರಿಕೆಯಿಲ್ಲದೆ ಸೋಲಲು ಬಿಡುವ ಏರ್ಪಾಡು ಇದು. ಹರಾಜಿನ ಲೀಗಿನಲ್ಲಿ ಸೋತವನು ಮನೆಗೆ ಹೋಗುತ್ತಾನೆ, ಅಷ್ಟೆ.

ಬ್ರಿಟನ್ನಿನಲ್ಲಿ ಎಲ್ಲ ಸುಭಿಕ್ಷವಾಗಿದೆ ಎಂದಲ್ಲ. ಕೊವೆಂಟ್ರಿ ಕ್ಲಬ್ಬು ಬ್ರ್ಯಾಂಡನ್ ಸ್ಟೇಡಿಯಂ ಕಳೆದುಕೊಂಡಿತು. 2023ರ ಕೊನೆಗೆ ವುಲ್ವರ್‌ಹ್ಯಾಂಪ್ಟನ್ನಿನಲ್ಲೂ ಪೀಟರ್‌ಬರೋದಲ್ಲೂ ಹಾಗೇ ಆಯಿತು. ಪರರ ಜಾಗದಲ್ಲಿ ಬಾಡಿಗೆಗೆ ಇರುವ ಆಟಕ್ಕೆ ರಿಯಲ್ ಎಸ್ಟೇಟ್ ಒಂದು ದಿನ ನೋಟಿಸು ಕೊಟ್ಟೇ ಕೊಡುತ್ತದೆ. ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಮಾಷೆಯೆಂದರೆ, ಕೆಳಗಿನ ಮಹಡಿಗಳನ್ನು ಕಟ್ಟುವುದು ಹೇಗೆಂದು ಇಂಗ್ಲೆಂಡಿನಿಂದ ಕಲಿಯಬೇಕಾದ ದರ್ದು ಮುಂಬೈಗಿಲ್ಲ. 1948ರಿಂದ ಇಲ್ಲಿ ಕಾಂಗಾ ಲೀಗ್ ಇದೆ. ಡಾ. ಎಚ್. ಡಿ. ಕಾಂಗಾ ನೆನಪಿನ ಮಳೆಗಾಲದ ಕ್ರಿಕೆಟ್. ಎ ಇಂದ ಜಿ ತನಕ ಏಳು ಡಿವಿಷನ್. ಗೆದ್ದ ಕ್ಲಬ್ ಮೇಲಕ್ಕೆ, ಸೋತದ್ದು ಕೆಳಕ್ಕೆ. ಆಜಾದ್ ಮೈದಾನ, ಕ್ರಾಸ್ ಮೈದಾನ, ಶಿವಾಜಿ ಪಾರ್ಕ್, ಮಾಟುಂಗಗಳಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ, ಪಿಚ್ ಕೆಸರು, ಒಂದು ಪಂದ್ಯದ ಫೀಲ್ಡರು ಇನ್ನೊಂದು ಪಂದ್ಯದ ಅಂಪೈರಿನ ಬೆನ್ನಿಗೆ ನಿಂತಿರುತ್ತಾನೆ. ಸುನಿಲ್ ಗಾವಸ್ಕರ್ ದಾದರ್ ಯೂನಿಯನ್ನಿಗೆ ಆಡಿದ್ದು ಈ ಲೀಗಿನಲ್ಲಿ. ಸಚಿನ್ ತೆಂಡೂಲ್ಕರ್ ಹುಡುಗನಾಗಿದ್ದಾಗ ಜಾನ್ ಬ್ರೈಟ್ ಕ್ಲಬ್ಬಿಗೆ ಆಡಿದ್ದೂ ಇಲ್ಲೇ. ಇನ್ನು ಕನ್ನಡಿಗರ ಪಾಲು: ಕ್ರಾಸ್ ಮೈದಾನದ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್, ಕಾಂದಿವಲಿಯ ಪಯ್ಯಡೆ ಸ್ಪೋರ್ಟ್ಸ್ ಕ್ಲಬ್. ಈ ಲೀಗಿನಲ್ಲಿ ಪಾರ್ಸಿ ಸೈಕ್ಲಿಸ್ಟ್ಸ್ ಎಂಬ ಕ್ಲಬ್ಬೂ ಇದೆ. ಸೈಕಲಿನವರ ಹೆಸರಿಗೆ ಜಾಗವಿರುವ ಊರಿನಲ್ಲಿ ಬೈಕಿನವರಿಗೆ ಇಲ್ಲ ಎಂದರೆ ಹೇಗೆ?

ಗಾವಸ್ಕರ್, ತೆಂಡೂಲ್ಕರ್ ಹೆಸರು ಹೇಳುವುದು ಸುಲಭ. ಕಾಂಗಾ ಲೀಗಿನ ನಿಜವಾದ ಬಲ ಇ, ಎಫ್ ಡಿವಿಷನ್ನುಗಳಲ್ಲಿದೆ. ಬ್ಯಾಂಕಿನ ಗುಮಾಸ್ತ, ಕ್ಯಾಂಟೀನು ನೋಡಿಕೊಳ್ಳುವವನು, ಸಾಲೆತ್ತೂರು ಕಡೆಯಿಂದ ಬಂದು ಹೋಟೆಲು ಸೇರಿದವನ ಮಗ, ಭಾರತ ತಂಡ ಸೇರುವ ಯಾವ ಭ್ರಮೆಯೂ ಇಲ್ಲದೆ ನಲವತ್ತರವರೆಗೆ ಆಡುತ್ತಾರೆ. ಅವರಿರುವುದರಿಂದ ಅಂಪೈರುಗಳಿದ್ದಾರೆ, ಸ್ಕೋರರುಗಳಿದ್ದಾರೆ, ಪಿಚ್ ನೋಡುವ ಮಾಲಿಯಿದ್ದಾನೆ. ಒಂದು ವರ್ಷ ಅಪ್ರತಿಮ ಹುಡುಗನೊಬ್ಬ ಬಂದಾಗ ಅವನನ್ನು ಗುರುತಿಸುವ ಕಣ್ಣುಗಳಿರುತ್ತವೆ. ಬೈಕ್ ರೇಸಿನಲ್ಲಿ ಆ ಕಣ್ಣುಗಳು ಈಗ ನಾಕಾಬಂದಿಯ ಪೊಲೀಸರವು ಮಾತ್ರ.

ಆಕ್ಷೇಪಗಳು ಸಣ್ಣವಲ್ಲ. ಮೊದಲನೆಯದು ಜಾಗ. ಚದರಡಿಗೆ ಇಷ್ಟು ಸಾವಿರ ಎನ್ನುವ ಊರಿನಲ್ಲಿ ಮೈದಾನ ಯಾರು ಕೊಡುತ್ತಾರೆ? ಆದರೆ ಕೇಳುತ್ತಿರುವುದು ಫಾರ್ಮುಲಾ ಒನ್ ಟ್ರ್ಯಾಕನ್ನಲ್ಲ. ಮುನ್ನೂರು ಮೀಟರಿನ ಮಣ್ಣಿನ ಸುತ್ತು ಒಂದು ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ಹಿಡಿಸುತ್ತದೆ. ಕೊಲಾಬಾದಲ್ಲಿ ಬೇಡ. ಕಲ್ಯಾಣದಾಚೆ, ವಸಯಿ-ವಿರಾರ್, ನವಿ ಮುಂಬೈ ಅಂಚಿನಲ್ಲಿ ಸರ್ಕಾರದ ಜಾಗದಲ್ಲೇ ಆಗಬೇಕು. ಖಾಸಗಿ ಸ್ಟೇಡಿಯಂ ನಂಬಿದವರ ಗತಿ ಕೊವೆಂಟ್ರಿಯಲ್ಲಿ ಕಂಡಿದೆ. ಎರಡನೆಯದು ಸದ್ದು. ಇದು ನಿಜವಾದ ತೊಂದರೆ. ಸೈಲೆನ್ಸರ್ ಕಡ್ಡಾಯ, ರಾತ್ರಿ ಓಟ ಇಲ್ಲ, ವಾರಕ್ಕೆ ಒಂದೇ ದಿನ ಎಂಬ ಷರತ್ತಿಲ್ಲದೆ ಯಾವ ನೆರೆಹೊರೆಯೂ ಒಪ್ಪಬಾರದು. ಮೂರನೆಯದು ಜೀವಾಪಾಯ. ಸ್ಪೀಡ್‌ವೇಯಲ್ಲೂ ಸವಾರರು ಸತ್ತಿದ್ದಾರೆ, ಬೆನ್ನುಮೂಳೆ ಮುರಿದುಕೊಂಡಿದ್ದಾರೆ. ವ್ಯತ್ಯಾಸವಿಷ್ಟೆ: ಅಲ್ಲಿ ಎದುರಿನಿಂದ ಟ್ಯಾಂಕರ್ ಬರುವುದಿಲ್ಲ, ಆಂಬುಲೆನ್ಸ್ ಮೊದಲೇ ನಿಂತಿರುತ್ತದೆ, ದೇಹವಿಡೀ ಮುಚ್ಚುವ ಉಡುಪಿಲ್ಲದೆ ಗೇಟಿನೊಳಗೆ ಬಿಡುವುದಿಲ್ಲ.

ಬ್ರೇಕಿಲ್ಲದ ಬೈಕನ್ನೇ ಇಲ್ಲಿಗೆ ತರಿಸಬೇಕೆಂದೂ ಇಲ್ಲ. ಇಲ್ಲೇ ಸಿಗುವ ಸಣ್ಣ ಎಂಜಿನ್ನಿನ ಒಂದೇ ಮಾದರಿಯ ಬೈಕುಗಳನ್ನು ಕ್ಲಬ್ಬೇ ಕೊಂಡು, ಓಟದ ದಿನ ಚೀಟಿ ಎತ್ತಿ ಹಂಚಿದರೆ ಅಪ್ಪನ ದುಡ್ಡಿನ ಹುಡುಗನಿಗೂ ಗ್ಯಾರೇಜಿನ ಹುಡುಗನಿಗೂ ಸಮನಾದ ಚಕ್ರ ಸಿಗುತ್ತದೆ. ಕುರ್ಲಾ, ಠಾಣೆ, ಮೀರಾ ರೋಡ್, ಡೊಂಬಿವಲಿಗೊಂದು ತಂಡ. ಮಳೆ ನಿಂತ ನವೆಂಬರಿನಿಂದ ಮೇ ತನಕ ಸೀಸನ್, ಅಂದರೆ ಕಾಂಗಾ ಲೀಗ್ ಮುಗಿದ ಮೇಲೆ. ಓಟ ಭಾನುವಾರ ಮಧ್ಯಾಹ್ನವೇ ಆಗಬೇಕು, ವಾರವಿಡೀ ದುಡಿಯುವವರಿಗೆ ಬೇರೆ ಹೊತ್ತಿಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರಿಗಾಗಿ ಈ ಊರಿನ ಕನ್ನಡಿಗರು ಶಾಲೆಯನ್ನೇ ರಾತ್ರಿಗೆ ಸರಿಸಿದ್ದರು.

ಫ್ರಾಂಚೈಸಿ ಲೀಗಿನ ಮಾಲೀಕರು ವರ್ಷದ ಜಾಹೀರಾತಿನ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕೆ ಹಾಕಬೇಕು. ಅವರ ಹರಾಜಿನ ಪಟ್ಟಿಗೆ ನಾಳೆ ಹೆಸರು ಬರಬೇಕಾದದ್ದು ಇಲ್ಲಿಂದಲೇ. ಒಕ್ಕೂಟ ನಿಯಮ ಬರೆಯಲಿ, ತೀರ್ಪುಗಾರರನ್ನು ತಯಾರುಮಾಡಲಿ. ಆಮೇಲೆ ಯಾರಾದರೊಬ್ಬರು 189ನೇ ಕಲಮು ಹೇಳುವ ಆ ಲಿಖಿತ ಒಪ್ಪಿಗೆಗೆ ಮಂತ್ರಾಲಯಕ್ಕೆ ಹೋಗಿ ಅರ್ಜಿ ಕೊಡಬೇಕು. ಅಲ್ಲಿಯವರೆಗೆ ಶನಿವಾರ ರಾತ್ರಿಯ ಎರಡನೇ ಡಿವಿಷನ್ ಹೈವೇಯಲ್ಲೇ ನಡೆಯುತ್ತಿರುತ್ತದೆ.